ವಿಷದ ಕಪಾಟಿನ ಕೀಲಿ

ಅಣ್ಣನ ಮಗಳು ಪಿಯುಸಿ ಪರೀಕ್ಷೆ ಮುಗಿಸಿ ನಮ್ಮೂರು ಅಣಶಿಗೆ ಬಂದಿದ್ದಳು. ಒಂದು ಸಂಜೆ ಮೊಬೈಲ್ ಹಿಡಿದು, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ತಾಸುಗಟ್ಟಲೆ ಕೂತು, ಇಳಿದು ಬಂದವಳೇ ಕೇಳಿದಳು: “ಕಾಕಾ, ಆಸ್ಟ್ರೇಲಿಯಾದಲ್ಲಿ ಹೆಲ್ತ್ ಸೈನ್ಸು, ಕಾನೂನು ಎರಡೂ ಸೇರಿಸಿ ಒಟ್ಟಿಗೇ ಡಿಗ್ರಿ ಮಾಡಬಹುದಂತೆ. ನಮ್ಮ ಕಡೆ ಯಾಕಿಲ್ಲ?”

ನಮ್ಮ ಮನೆಮಾತು ಕೊಂಕಣಿ, ಅವಳು ಕೇಳಿದ್ದೂ ಕೊಂಕಣಿಯಲ್ಲೇ. ನಾನು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೆ. “ಇಲ್ಲ ಅಂತ ಯಾರು ಹೇಳಿದರು? ನಾನು ಓದಿದ್ದು ಮತ್ತೇನು?” ಅಂದೆ. ತಮಾಷೆ ಅಂದುಕೊಂಡು ನಕ್ಕಳು. ಊರಿಗೆಲ್ಲ ನಾನು ಕಂಪೌಂಡರ್ ಮಾಮ. ಕಂಪೌಂಡರ್ ಅಂದರೆ ಕೆಂಪು ನೀರು ಕೊಡುವವನು, ಗುಳಿಗೆ ಎಣಿಸಿ ಪೊಟ್ಟಣ ಕಟ್ಟುವವನು. ಅವನಿಗೂ ಕಾನೂನಿಗೂ ಎಲ್ಲಿಯ ನಂಟು?

ನಂಟು ಇದೆ. 1978ರಿಂದ 80ರವರೆಗೆ ಬೆಳಗಾವಿಯಲ್ಲಿ ನಾನು ಡಿ.ಫಾರ್ಮಾ ಓದಿದೆ. ಔಷಧ ರಸಾಯನಶಾಸ್ತ್ರ, ಗಿಡಮೂಲಿಕೆ, ಶರೀರರಚನೆಗಳ ಜೊತೆ ಕಾನೂನಿನದೂ ಒಂದು ಪೇಪರು ಇತ್ತು. ನಾವು ಅದನ್ನು ‘ಫೋರೆನ್ಸಿಕ್’ ಎಂದು ಕರೆಯುತ್ತಿದ್ದೆವು. ಮುಂದೆ 1991ರ ನಿಯಮಾವಳಿಯಲ್ಲಿ ಅದು ‘ಫಾರ್ಮಾಸ್ಯೂಟಿಕಲ್ ಜೂರಿಸ್‌ಪ್ರುಡೆನ್ಸ್’ ಆಯಿತು, 2020ರ ನಿಯಮಾವಳಿಯಲ್ಲಿ ‘ಫಾರ್ಮಸಿ ಲಾ ಆ್ಯಂಡ್ ಎಥಿಕ್ಸ್’. 1919ರ ವಿಷಗಳ ಕಾಯಿದೆ, 1930ರ ಅಪಾಯಕಾರಿ ಔಷಧಗಳ ಕಾಯಿದೆ, 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆ, 1948ರ ಫಾರ್ಮಸಿ ಕಾಯಿದೆ, ಮಾಟಮದ್ದಿನ ಜಾಹೀರಾತು ತಡೆಯುವ 1954ರ ಕಾಯಿದೆ, ಗರ್ಭಪಾತದ ಬಗ್ಗೆ 1971ರ ಕಾಯಿದೆ, ಇಷ್ಟನ್ನೂ ಕಲಂ ಸಮೇತ ಬಾಯಿಪಾಠ ಮಾಡಿದ್ದೇವೆ. ಎಂಬಿಬಿಎಸ್ ಹುಡುಗರು ನಮ್ಮನ್ನು ಕೀಳಾಗಿ ಕಾಣುತ್ತಿದ್ದರು, ಆದರೆ ಯಾವ ಔಷಧವನ್ನು ಯಾರಿಗೆ ಮಾರಿದರೆ ಜೈಲು ಎಂಬುದು ಅವರಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಇನ್ನೂ ಒಂದು ಸ್ವಾರಸ್ಯವಿದೆ. ನಮ್ಮ ರಾಜ್ಯದಲ್ಲಿ ಡಿ.ಫಾರ್ಮಾ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ ಅಲ್ಲ, ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಮಂಡಳಿ. ಮುಂದೆ ಯಾರು ನಮ್ಮ ಅಂಗಡಿಗೆ ತಪಾಸಣೆಗೆ ಬರುತ್ತಾರೋ ಆ ಇಲಾಖೆಯೇ ನಮಗೆ ಪಾಸು–ನಪಾಸು ಬರೆಯುವುದು.

1981ರಲ್ಲಿ ನೌಕರಿ ಸಿಕ್ಕಿ ನಮ್ಮದೇ ಜೋಯಿಡಾ ತಾಲೂಕಿಗೆ ಬಂದೆ. ಆ ಕಾಲದ ದವಾಖಾನೆಯ ಕೆಲಸ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ರೋಗಿ ಮನೆಯಿಂದಲೇ ಬಾಟಲಿ ತರಬೇಕು. ಕೆಲವರು ಸೀಮೆಎಣ್ಣೆಯ ಬಾಟಲಿ ತರುತ್ತಿದ್ದರು, ತೊಳೆದು ತಾ ಎಂದು ಗದರಿಸಿ ಹಳ್ಳಕ್ಕೆ ಅಟ್ಟುತ್ತಿದ್ದೆ. ದೊಡ್ಡ ಜಾಡಿಯಿಂದ ಮಿಕ್ಸ್ಚರ್ ಅಳೆದು ಹಾಕಿ, ಉದ್ದಕ್ಕೆ ಒಂದು ಕಾಗದದ ಪಟ್ಟಿ ಕತ್ತರಿಸಿ, ಅದನ್ನು ಮಡಚಿ ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ ಬಿಚ್ಚಿದರೆ ಸರಿಸಮನಾದ ಆರು ಹಲ್ಲು ಬರುತ್ತಿದ್ದವು. ಅನ್ನದ ಅಗುಳಿನಿಂದ ಬಾಟಲಿಗೆ ಅಂಟಿಸಿದರೆ ಆರು ಡೋಸು. ಓದು ಬಾರದವರಿಗೆ ಅದೇ ಲೇಬಲ್ಲು: “ಬೆಳಿಗ್ಗೆ ಒಂದು ಹಲ್ಲು, ರಾತ್ರಿ ಒಂದು ಹಲ್ಲು.”

ಔಷಧ ಕೊಡುವ ಮೇಜಿನ ಹಿಂದೆ, ಗೋಡೆಗೆ ಹೊಡೆದ ಒಂದು ಸಣ್ಣ ಮರದ ಕಪಾಟು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ವಿಷ’. ಒಳಗೆ ಮಾರ್ಫಿಯಾ, ಪೆಥಿಡಿನ್, ಅಟ್ರೋಪಿನ್. ಕೀಲಿ ನನ್ನ ಜನಿವಾರದಲ್ಲಿ ಎಂದು ಡಾಕ್ಟರು ಚೇಷ್ಟೆ ಮಾಡುತ್ತಿದ್ದರು. ನನಗೆ ಜನಿವಾರ ಇಲ್ಲ, ಅದು ಇದ್ದದ್ದು ಉಡುದಾರದಲ್ಲಿ. ಒಂದು ಆಂಪುಲ್ ತೆಗೆದರೂ ರಿಜಿಸ್ಟರಿನಲ್ಲಿ ತಾರೀಖು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು, ಎಷ್ಟು ಉಳಿದದ್ದು, ಡಾಕ್ಟರ ಸಹಿ. ಖಾಲಿ ಆಂಪುಲ್ಲನ್ನೂ ಎಸೆಯುವಂತಿಲ್ಲ. ನಾಲ್ಕು ವರ್ಷ ಆಗುವಷ್ಟರಲ್ಲಿ ನಾನು ಪರೀಕ್ಷೆಗೆ ಓದಿದ್ದ 1930ರ ಕಾಯಿದೆ ರದ್ದಾಗಿ 1985ರ ಮಾದಕವಸ್ತು ಕಾಯಿದೆ (ಎನ್‌ಡಿಪಿಎಸ್) ಬಂತು. ಕಪಾಟು ಅದೇ, ಕೀಲಿ ಅದೇ, ರಿಜಿಸ್ಟರಿನ ಅಂಕಣ ಮಾತ್ರ ಹೆಚ್ಚಾಯಿತು.

ಈ ಕಾಯಿದೆಗಳು ಯಾಕೆ ಹುಟ್ಟಿದವು ಎಂದು ಹುಡುಕಿದರೆ ನಮ್ಮ ಕಾಡಿಗೇ ಬಂದು ಮುಟ್ಟುತ್ತೇವೆ. ಅಣೆಕಟ್ಟಿನ ನೀರಿನಡಿ ಮುಳುಗಿದ ಹಳೇ ಸೂಪಾ ಕಾಳಿ ಮತ್ತು ಪಾಂಡ್ರಿ ಹೊಳೆಗಳ ಸಂಗಮದ ಊರು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂದದ್ದು ಆ ಮುಳುಗಡೆಯಿಂದ. ಸೂಪಾಕ್ಕೆ ವರ್ಗ ಎಂದರೆ ಹಿಂದಿನ ಸರ್ಕಾರಿ ನೌಕರರು ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿ ಬರುತ್ತಿದ್ದರಂತೆ. ಕಾರಣ ಹುಲಿ ಅಲ್ಲ, ಚಳಿಜ್ವರ. ಅದಕ್ಕಿದ್ದ ಮದ್ದು ಒಂದೇ, ಕ್ವಿನೈನ್. ಬಂಗಾಳದಲ್ಲಿ 1892ರಲ್ಲಿ ಶುರುವಾದ ಪದ್ಧತಿಯಂತೆ ಅಂಚೆ ಕಚೇರಿಗಳಲ್ಲಿ ಕಾಸಿಗೊಂದು ಪೊಟ್ಟಣ ಸಿಗುತ್ತಿತ್ತು. ಬೇಡಿಕೆ ಇರುವ ಕಡೆ ಮೋಸವೂ ಇರುತ್ತದೆ. ಪೇಟೆಯ ಕ್ವಿನೈನ್‌ನಲ್ಲಿ ಕ್ವಿನೈನ್ ಇರುವುದೇ ಇಲ್ಲ ಎಂಬ ದೂರು 1920ರ ದಶಕದ ಹೊತ್ತಿಗೆ ದಿಲ್ಲಿಯ ಶಾಸನಸಭೆವರೆಗೂ ಹೋಯಿತು. 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ಕೂತಿತು, ಮರುವರ್ಷ ವರದಿ ಕೊಟ್ಟಿತು. ಔಷಧದ ಗುಣಮಟ್ಟಕ್ಕೆ ಕಾಯಿದೆ ಬೇಕು, ಔಷಧ ಕೊಡುವವನಿಗೆ ಓದು ಬೇಕು ಎಂದು ಸಮಿತಿ ಹೇಳಿತು. ಮೊದಲನೆಯದಕ್ಕೆ 1940ರ ಕಾಯಿದೆ, ಎರಡನೆಯದಕ್ಕೆ 1948ರ ಕಾಯಿದೆ. ನನ್ನ ಡಿಪ್ಲೊಮಾದ ಹುಟ್ಟು ಅಲ್ಲಿಯದು. ಕ್ವಿನೈನ್ ನಿಜವೋ ಸುಳ್ಳೋ ನೋಡುವ ಪ್ರಯೋಗವನ್ನು ನಮಗೆ ಬೆಳಗಾವಿಯಲ್ಲಿ ಮಾಡಿಸಿದ್ದರು. ಸ್ವಲ್ಪ ತೆಳು ಗಂಧಕಾಮ್ಲದಲ್ಲಿ ಕರಗಿಸಿ ಬಿಸಿಲಿಗೆ ಹಿಡಿದರೆ ನೀರು ಆಕಾಶನೀಲಿ ಹೊಳೆಯುತ್ತದೆ. ಎಂಥ ಚಂದದ ನೀಲಿ ಎಂದರೆ, ಕಹಿ ಮರೆತೇ ಹೋಗುತ್ತದೆ.

ಮಲೇರಿಯಾದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಯವರಿಗೇ ಇದು ಗೊತ್ತಿಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಮುಂಬಯಿ ಪ್ರಾಂತದ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಕೆನರಾ (ಈಗಿನ ಉತ್ತರ ಕನ್ನಡ) ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಹೊಡೆಸಿದರು. ಅದರ ಫಲ ನೋಡಿಯೇ 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬರಲು ದಾರಿಯಾಯಿತು. ಗೋಡೆಗೆ ಹೊಡೆಯುವವರು ಬಂದು ದೇವರ ಕೋಣೆಗೂ ಹೊಡೆದರೆಂದು ನನ್ನ ಅಜ್ಜಿ ಸಾಯುವವರೆಗೂ ಬಯ್ಯುತ್ತಿದ್ದಳು. ಮನೆಯೊಡೆಯ ಬೇಡ ಎಂದರೂ ಒಳಗೆ ಬಂದು ವಿಷ ಸಿಂಪಡಿಸುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು? ಇದು ಆರೋಗ್ಯದ ಪ್ರಶ್ನೆಯೋ ಕಾನೂನಿನದೋ? ಅಜ್ಜಿಯ ಹತ್ತಿರ ಆಗ ಉತ್ತರ ಇರಲಿಲ್ಲ, ನನ್ನ ಹತ್ತಿರ ಈಗಲೂ ಪೂರ್ತಿ ಇಲ್ಲ.

ವಿಷ ಎಂದರೆ ಕಪಾಟಿನೊಳಗಿನದು ಮಾತ್ರ ಅಲ್ಲ. ನಮ್ಮ ಮನೆಯ ಬೇಲಿ ದಾಟಿದರೆ ಕಾಸರಕದ ಮರ, ಗುಲಗಂಜಿ ಬಳ್ಳಿ, ಗುಡ್ಡೆಗೇರು, ಎಕ್ಕ, ದತ್ತೂರ, ಮಳೆಗಾಲದಲ್ಲಿ ಬೆಂಕಿ ಹೊತ್ತಿದ ಹಾಗೆ ಅರಳುವ ಅಗ್ನಿಶಿಖೆ. ನಾಟಿ ವೈದ್ಯರಿಗೆ ಇವೆಲ್ಲ ಮದ್ದು, ಶುದ್ಧಿ ಮಾಡುವ ಕ್ರಮ ಗೊತ್ತಿದ್ದವರಿಗೆ ಮಾತ್ರ. ನಾನು ಕಾನೂನಿನ ಪುಸ್ತಕದ ಕೊನೆಯ ಪುಟಗಳಲ್ಲಿ ಶೆಡ್ಯೂಲ್ ಇ(1) ಎಂಬ ಪಟ್ಟಿಯನ್ನು ಮೊದಲ ಸಲ ಓದಿದಾಗ ನಗು ಬಂತು. ವಿಷಮುಷ್ಟಿ, ಗುಂಜಾ, ಭಲ್ಲಾತಕ, ಅರ್ಕ, ಧತ್ತೂರ, ಲಾಂಗಲಿ. ನಮ್ಮ ಬೇಲಿಯೇ ಸಂಸ್ಕೃತದ ಅಂಗಿ ತೊಟ್ಟು ದಿಲ್ಲಿಯ ನಿಯಮದೊಳಗೆ ಕೂತಿತ್ತು. ಇವು ಸೇರಿದ ಆಯುರ್ವೇದದ ಮದ್ದಿನ ಡಬ್ಬಿಯ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಕಡ್ಡಾಯ. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲೂ ಇರಬೇಕೆಂದು ನಿಯಮ ಹೇಳುವುದಿಲ್ಲ. ನನ್ನ ಕಾಗದದ ಹಲ್ಲುಗಳೇ ಅದಕ್ಕಿಂತ ವಾಸಿ.

ಗುಲಗಂಜಿಯದು ಬೇರೆಯೇ ಕಥೆ. ಬೀಜ ಅರೆದು, ಹಿಟ್ಟನ್ನು ಸೂಜಿಯ ಹಾಗೆ ಹೊಸೆದು ಬಿಸಿಲಲ್ಲಿ ಒಣಗಿಸಿ, ಕೋಲಿನ ತುದಿಗೆ ಸಿಕ್ಕಿಸಿ ದನದ ಚರ್ಮಕ್ಕೆ ಚುಚ್ಚಿದರೆ ಎರಡು ಮೂರು ದಿನಕ್ಕೆ ದನ ಸಾಯುತ್ತದೆ. ನೋಡಿದವರು ಹಾವು ಕಚ್ಚಿತು ಅನ್ನುತ್ತಾರೆ. ಹಿಂದೆ ಚರ್ಮದ ಆಸೆಗೆ ಹೀಗೆ ಮಾಡುತ್ತಿದ್ದರು. ಜೈಸಿಂಗ್ ಪ್ರಭುದಾಸ್ ಮೋದಿ ಅವರ ನ್ಯಾಯವೈದ್ಯಕ ಗ್ರಂಥದಲ್ಲಿ ಈ ಸೂಜಿಯ ಮಾತು ಬರುತ್ತದೆ. 1920ರಲ್ಲಿ ಮೊದಲು ಅಚ್ಚಾದ ಈ ಪುಸ್ತಕ ವೈದ್ಯಕೀಯ ಕಾಲೇಜಿನಲ್ಲೂ ವಕೀಲರ ಕಪಾಟಿನಲ್ಲೂ ಒಂದೇ ಹೆಸರಿನಿಂದ ಓಡಾಡುತ್ತದೆ: ‘ಮೋದಿ’. ಡಾಕ್ಟರೂ ವಕೀಲರೂ ಇಷ್ಟೊಂದು ಹಂಚಿಕೊಂಡು ಓದಿದ ಬೇರೆ ಪುಸ್ತಕವನ್ನು ನಾನು ಕಂಡಿಲ್ಲ. ಅದಕ್ಕೂ ಮೊದಲು ನಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದು ಲಯನ್‌ನ ಪುಸ್ತಕ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಬೇರೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಐಸಿಡೋರ್ ಲಯನ್ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ, ಜೊತೆಗೆ ಸರ್ಕಾರದ ರಾಸಾಯನಿಕ ಪರೀಕ್ಷಕ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಾಂತದ ಎಲ್ಲ ಜಿಲ್ಲೆಗಳಿಂದ ಬಂದ ಹೊಟ್ಟೆ, ಪಿತ್ತಕೋಶ. 1889ರಲ್ಲಿ ಅವನು ಬರೆದ ‘ಮೆಡಿಕಲ್ ಜೂರಿಸ್‌ಪ್ರುಡೆನ್ಸ್ ಫಾರ್ ಇಂಡಿಯಾ’ ಆ ಪರೀಕ್ಷೆಯ ಮೇಜಿನ ಮೇಲಿಂದ ಎದ್ದ ಪುಸ್ತಕ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಮದರಾಸಿನ 1693ರ ಕಥೆ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕೌನ್ಸಿಲ್ ಸದಸ್ಯ ಜೇಮ್ಸ್ ವೀಲರ್ ಔಷಧ ಕುಡಿದು ಸತ್ತ. ಔಷಧ ಅರೆದ ಖಲ್‌ಬತ್ತಿನಲ್ಲಿ ಮೊದಲು ಪಾಷಾಣ ಅರೆದಿದ್ದರು, ಸರಿಯಾಗಿ ತೊಳೆದಿರಲಿಲ್ಲ. ಶಸ್ತ್ರವೈದ್ಯ ಎಡ್ವರ್ಡ್ ಬಲ್ಕ್‌ಲಿ ಹೆಣ ಕೊಯ್ದು ನೋಡಿ ವರದಿ ಕೊಟ್ಟ. ಭಾರತದಲ್ಲಿ ದಾಖಲಾದ ಮೊದಲ ನ್ಯಾಯವೈದ್ಯಕ ಶವಪರೀಕ್ಷೆ ಎಂದು ಅದನ್ನೇ ಹೇಳುತ್ತಾರೆ. ತೊಳೆಯದ ಖಲ್‌ಬತ್ತು! ಈ ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಂಪೌಂಡರನಾದವನಿಗೆ ಅದಕ್ಕಿಂತ ಕೆಟ್ಟ ಕನಸು ಇಲ್ಲ.

ಹಳೆಯದು ಬೇಕೆಂದರೆ ಕೌಟಿಲ್ಯ ಇದ್ದಾನೆ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ನಾಲ್ಕನೇ ಅಧಿಕರಣದಲ್ಲಿ ‘ಆಶುಮೃತಕ ಪರೀಕ್ಷೆ’ ಎಂಬ ಅಧ್ಯಾಯವೇ ಇದೆ. ಹಠಾತ್ತಾಗಿ ಸತ್ತವನ ಮೈಗೆ ಎಣ್ಣೆ ಸವರಿ ನೋಡು, ಗಾಯದ ಗುರುತು ಎದ್ದು ಕಾಣುತ್ತದೆ. ಹೊಟ್ಟೆಯಲ್ಲಿ ಉಳಿದದ್ದನ್ನು ಬೆಂಕಿಗೆ ಹಾಕು, ಚಿಟಚಿಟ ಎಂದು ಕಾಮನಬಿಲ್ಲಿನ ಬಣ್ಣ ಬಂದರೆ ವಿಷ. ಇದು ಸರಿಯಾದ ಪರೀಕ್ಷೆ ಎಂದು ನಾನು ಹೇಳುತ್ತಿಲ್ಲ. ವೈದ್ಯನ ಕಣ್ಣು ಮತ್ತು ನ್ಯಾಯಾಧಿಕಾರಿಯ ಕಣ್ಣು ಅಲ್ಲಿ ಒಂದೇ ಮುಖದಲ್ಲಿವೆ ಎಂಬುದಷ್ಟೇ ನನ್ನ ಗಮನ. ಇವತ್ತಿಗೂ ಬಿಎಎಂಎಸ್ ಓದುವವರಿಗೆ ‘ಅಗದತಂತ್ರ, ವ್ಯವಹಾರ ಆಯುರ್ವೇದ ಮತ್ತು ವಿಧಿವೈದ್ಯಕ’ ಎಂದು ಒಂದು ವಿಷಯ ಇದೆ. ವಿಷದ ಮದ್ದು, ಕೋರ್ಟಿನ ವ್ಯವಹಾರ ಎರಡೂ ಅದರಲ್ಲೇ.

ನಮ್ಮ ದವಾಖಾನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಒಳಗೆ ಸಿಮೆಂಟಿನ ಕಟ್ಟೆ, ಒಂದು ಕಬ್ಬಿಣದ ಬಕೆಟ್ಟು. ಕೊಯ್ಯುವವನು ಒಬ್ಬ, ನೋಡುವವರು ಡಾಕ್ಟರು, ಅವರು ಹೇಳಿದ್ದನ್ನು ಬಾಗಿಲಲ್ಲಿ ನಿಂತು ಬರೆದುಕೊಳ್ಳುವವನು ನಾನು. ವಿಷದ ಅನುಮಾನ ಇದ್ದರೆ ಉಪ್ಪುನೀರು ಮಾಡಿಕೊಡುವ ಕೆಲಸವೂ ನನ್ನದೇ. ಅದಕ್ಕೊಂದು ಕ್ರಮ ಇದೆ. ಬಿಸಿನೀರಿಗೆ ಉಪ್ಪು ಹಾಕುತ್ತ ಕಲಕುತ್ತ ಹೋಗಬೇಕು. ಇನ್ನು ಕರಗುವುದಿಲ್ಲ ಎನ್ನುವಂತೆ ತಳದಲ್ಲಿ ಉಪ್ಪು ನಿಲ್ಲಬೇಕು, ಆಗ ಅದು ಸಾಕಷ್ಟು ಗಟ್ಟಿ. ಜಾಡಿಯಲ್ಲಿ ಅಂಗ ಮುಳುಗುವಷ್ಟು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಬಿರಡೆ ಹಾಕಿ, ಬಟ್ಟೆ ಕಟ್ಟಿ, ಅರಗು ಕಾಯಿಸಿ ಮೊಹರು ಒತ್ತಬೇಕು. ಅದೇ ಉಪ್ಪುನೀರಿನ ಒಂದು ಮಾದರಿಯನ್ನು ಬೇರೆ ಸೀಸೆಯಲ್ಲಿ ಕಳಿಸಬೇಕು. ಇಲ್ಲದಿದ್ದರೆ ವಿಷ ಹೊಟ್ಟೆಯಲ್ಲಿತ್ತೋ ಉಪ್ಪಿನಲ್ಲಿತ್ತೋ ಎಂದು ಆರೋಪಿಯ ಪರ ವಕೀಲರು ಕೇಳಿದರೆ ಬಾಯಿ ಮುಚ್ಚಬೇಕಾಗುತ್ತದೆ. ಪೊಲೀಸರು ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದ ಸೀಟಿನವರು ಉಪ್ಪಿನಕಾಯಿ ಎಂದುಕೊಂಡದ್ದೂ ಉಂಟು.

1994ರಲ್ಲಿ ಹಳಿಯಾಳದ ಕೋರ್ಟಿನಿಂದ ನನ್ನ ಹೆಸರಿಗೆ ಸಮನ್ಸ್ ಬಂತು. ಹೊಡೆದಾಟದ ಕೇಸು. ಗಾಯದ ಸರ್ಟಿಫಿಕೇಟು ಬರೆದ ಡಾಕ್ಟರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಅಕ್ಷರ ಗುರುತಿಸಲು ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಬೇಕು. ಸಾಕ್ಷ್ಯ ಕಾಯಿದೆಯ 47ನೇ ಕಲಂ ಎಂದು ನನಗೆ ಆಗ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

“ಇದು ಅವರ ಸಹಿಯಾ?”

“ಹೌದು ಸಾಹೇಬ್ರೆ.”

“ಹೇಗೆ ಹೇಳ್ತೀರಿ?”

“ಏಳು ವರ್ಷ ಅವರ ಚೀಟಿ ಓದಿ ಔಷಧ ಕೊಟ್ಟಿದ್ದೇನೆ. ತಪ್ಪು ಓದಿದ್ದರೆ ನಾನು ಇಷ್ಟರಲ್ಲಿ ಇದೇ ಕೋರ್ಟಿಗೆ ಆರೋಪಿಯಾಗಿ ಬರಬೇಕಿತ್ತು.”

ಕೋರ್ಟಿನಲ್ಲಿ ನಕ್ಕರು, ನ್ಯಾಯಾಧೀಶರೂ ಸ್ವಲ್ಪ. ಆಮೇಲೆ ಪಾಟೀಸವಾಲು ಶುರುವಾಯಿತು. ಸರ್ಟಿಫಿಕೇಟಿನಲ್ಲಿ ‘ಲ್ಯಾಸರೇಟೆಡ್’ ಅಂದಿದೆ, ಕುಡುಗೋಲಿನಿಂದ ಆದದ್ದು ಹಾಗೆ ಇರುತ್ತದಾ ಎಂದು ಕೇಳಿದರು. ಲ್ಯಾಸರೇಟೆಡ್ ಅಂದರೆ ಹರಿದ ಗಾಯ, ಮೊಂಡ ವಸ್ತುವಿನಿಂದ ಆಗುವುದು. ಹರಿತವಾದ ಕುಡುಗೋಲಿನಿಂದ ಆಗುವುದು ಕೊಯ್ದ ಗಾಯ. ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳುವ ಅಧಿಕಾರ ನನಗಿಲ್ಲ, ನಾನು ಅಕ್ಷರಕ್ಕೆ ಮಾತ್ರ ಸಾಕ್ಷಿ. “ಅದು ನನಗೆ ಗೊತ್ತಿಲ್ಲ” ಎಂದು ಹೇಳಿ ಇಳಿದೆ. ಒಂದು ಪದ, ಬಹುಶಃ ಅವಸರದಲ್ಲಿ ಬರೆದದ್ದು, ಒಂದು ಕೇಸನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿ ಮಲಗಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದೆ, ಕಾನೂನು ಓದಬೇಕು.

ಓದಿದ್ದು ಇಪ್ಪತ್ನಾಲ್ಕು ವರ್ಷದ ಮೇಲೆ. ನಡುವೆ ನೌಕರಿ, ಮಕ್ಕಳು, ಮನೆ. ನಡುವೆ ಇನ್ನೊಂದೂ ನಡೆಯಿತು, ಅದನ್ನು ಬರೆಯದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಘಟ್ಟದ ಕೆಳಗಿನ ಒಂದು ಕೇರಿಯಲ್ಲಿ ಗದ್ದೆಗೆ ಹೋದವನಿಗೆ ಹಾವು ಕಚ್ಚಿತು. ಮಳೆಗೆ ಮಣ್ಣು ಕುಸಿದು ರಸ್ತೆ ಬಂದ್. ಕಂಬಳಿಗೆ ಬಿದಿರು ಕಟ್ಟಿ ಹೊತ್ತು ತಂದರು, ನಾನಿದ್ದ ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಜೀವ ಹೋಗಿತ್ತು. ಬೇಗ ಮುಟ್ಟಿದ್ದರೂ ಉಳಿಯುತ್ತಿದ್ದ ಎನ್ನಲಾಗದು. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ಮಾಡಿದ್ದು. ಕಾಳಿಂಗಕ್ಕಾಗಲಿ ನಮ್ಮ ಕಾಡಿನ ಗಿಡ್ಡ ಮಂಡಲಕ್ಕಾಗಲಿ ಅದು ತಾಗುವುದಿಲ್ಲ. ಮನೆಯವರು ಹೆಣ ಕೊಯ್ಯುವುದು ಬೇಡ ಎಂದು ಕೈಮುಗಿದು ಅತ್ತರು. ಅಲ್ಲಿದ್ದವರಿಗೂ ರಾತ್ರಿ ಆ ಕೆಲಸ ಬೇಡವಾಗಿತ್ತು. ನನ್ನನ್ನೂ ಕೇಳಿದರು. “ಹೋಗಲಿ, ಒಯ್ಯಲಿ ಬಿಡಿ” ಎಂದವರಲ್ಲಿ ನಾನೂ ಒಬ್ಬ. ರಿಜಿಸ್ಟರಿನಲ್ಲಿ ಏನೂ ಬರೆಯಲಿಲ್ಲ. ಆರು ತಿಂಗಳ ಮೇಲೆ ಅವನ ಹೆಂಡತಿ ಪರಿಹಾರದ ಅರ್ಜಿ ಹಿಡಿದು ಬಂದಳು. ಹಾವು ಕಚ್ಚಿ ಸತ್ತದ್ದಕ್ಕೆ ಕಾಗದ ಎಲ್ಲಿ ಎಂದು ಕಚೇರಿಯಲ್ಲಿ ಕೇಳಿದ್ದರಂತೆ. ಕಾಗದ ಇರಲಿಲ್ಲ. ಫೋರೆನ್ಸಿಕ್ ಪೇಪರಿನಲ್ಲಿ ನನಗೆ ಅರವತ್ತೆಂಟು ಮಾರ್ಕು ಬಂದಿತ್ತು.

2018ರಲ್ಲಿ ನಿವೃತ್ತನಾದೆ. ಅದೇ ವರ್ಷ ಧಾರವಾಡದಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ಮೊದಲ ದಿನ ನಾನು ಒಳಗೆ ಹೋದಾಗ ಹುಡುಗರು ಎದ್ದು ನಿಂತರು, ಮೇಷ್ಟ್ರೆಂದು. ಟಾರ್ಟ್, ಅಂದರೆ ಸಿವಿಲ್ ತಪ್ಪುಗಳ, ಪಾಠದಲ್ಲಿ ಒಂದು ತೀರ್ಪು ಬಂತು, ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರ್ಯಂಬಕ ಬಾಪು ಗೋಡಬೋಲೆ. 1953ರ ಮೇ 6ರಂದು ರತ್ನಾಗಿರಿ ಜಿಲ್ಲೆಯ ಪಾಲಶೇತ ಎಂಬ ಊರಿನ ಕಡಲದಂಡೆಯಲ್ಲಿ ಇಪ್ಪತ್ತು ವರ್ಷದ ಹುಡುಗನಿಗೆ ಅಪಘಾತವಾಗಿ ಎಡತೊಡೆಯ ಮೂಳೆ ಮುರಿಯಿತು. ಊರಿನ ವೈದ್ಯರು ಮರದ ಹಲಗೆ ಕಟ್ಟಿದರು. ಟ್ಯಾಕ್ಸಿಯಲ್ಲಿ ಸುಮಾರು ಇನ್ನೂರು ಮೈಲಿ ದೂರದ ಪುಣೆಗೆ ಒಯ್ದರು. ಅಲ್ಲಿ ಅರಿವಳಿಕೆ ಕೊಡದೆ ಮೂಳೆ ಎಳೆದು ಕೂರಿಸಿದ್ದರಿಂದ ಹುಡುಗ ಆಘಾತಕ್ಕೆ ಸತ್ತ ಎಂದು ಕೋರ್ಟು ಕಂಡುಕೊಂಡಿತು. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1968ರಲ್ಲಿ, ಪರಿಹಾರ 3,000 ರೂಪಾಯಿ. ವೈದ್ಯನ ಹೊಣೆ ಏನು ಎಂಬುದಕ್ಕೆ ಇವತ್ತಿಗೂ ಎತ್ತಿ ಹೇಳುವ ತೀರ್ಪು ಇದು. ಕ್ಲಾಸಿನ ಹುಡುಗರು ಹೊಣೆ, ಲೋಪ, ಪರಿಹಾರ ಎಂದು ಮೂರು ಸಾಲು ಬರೆದುಕೊಂಡರು. ನನ್ನ ಕಣ್ಣಿಗೆ ಬಂದದ್ದು ಹಲಗೆ. ನಮ್ಮ ಕಡೆ ಬಿದಿರ ದಬ್ಬೆ ಕಟ್ಟುತ್ತೇವೆ. ಇನ್ನೂರು ಮೈಲಿಯ ದಾರಿಯಲ್ಲಿ, ಒಂದೊಂದು ಹೊಂಡಕ್ಕೂ, ಮುರಿದ ತೊಡೆಮೂಳೆ ಹೇಗೆ ನೋಯುತ್ತದೆ ಎಂದು ತೀರ್ಪಿನಲ್ಲಿ ಬರೆದಿಲ್ಲ.

2020ರಲ್ಲಿ ಕೋವಿಡ್ ಬಂದು ಪಾಠವೆಲ್ಲ ಮೊಬೈಲಿಗೆ ಬಂತು. ಅಣ್ಣನ ಮಗಳು ಈಗ ಹೋಗಿ ಕೂರುವ ಗುಡ್ಡದ ಮೇಲೇ ನಾನು ಕೊಡೆ ಹಿಡಿದು ಕೂತು ಸಂವಿಧಾನ ಕೇಳಿದ್ದೇನೆ. ಜಿಗಣೆ ಕಚ್ಚಿದ್ದಕ್ಕೆ ಲೆಕ್ಕ ಇಲ್ಲ.

ಈಗ ಅವಳ ಪ್ರಶ್ನೆ. ನಮ್ಮಲ್ಲಿ ಯಾಕಿಲ್ಲ? ಒಂದು ಕಾಲಕ್ಕೆ ನಮ್ಮ ಸೀಮೆಯಲ್ಲಿ ಎರಡೂ ಒಂದೇ ಚಪ್ಪರದ ಕೆಳಗೆ ಇದ್ದವು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. 1939ರಿಂದಲೇ ಇದ್ದ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು, 1957ರ ಹುಬ್ಬಳ್ಳಿಯ ಕೆಎಂಸಿ, 1963ರ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಎಲ್ಲ ಅದರ ಅಡಿಯಲ್ಲೇ ಇದ್ದವು. ಡಾಕ್ಟರಿಗೂ ವಕೀಲರಿಗೂ ಒಂದೇ ಮುದ್ರೆಯ ಪದವಿ. ಆದರೂ ಎರಡನ್ನೂ ಸೇರಿಸಿ ಕಲಿಸೋಣ ಎಂದು ಯಾರೂ ಮಾಡಲಿಲ್ಲ. 1996ರಲ್ಲಿ ಆರೋಗ್ಯಕ್ಕೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯ, 2009ರಲ್ಲಿ ಕಾನೂನಿಗೆ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಅಣ್ಣತಮ್ಮಂದಿರು ಹಿಸ್ಸೆಯಾದ ಹಾಗೆ ಆಯಿತು. ಹಿಸ್ಸೆ ಆದಮೇಲೆ ನಡುವಿನ ಬೇಲಿ ಗಟ್ಟಿಯಾಗುತ್ತದೆ.

ನಿಯಮದ ಬೇಲಿಯೂ ಇದೆ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮದ ಪ್ರಕಾರ, ಒಂದೇ ಸಂಸ್ಥೆಯ ಇಂಟಿಗ್ರೇಟೆಡ್ ಕೋರ್ಸು ಹೊರತು, ಕಾನೂನಿನ ಜೊತೆ ಬೇರೆ ಪದವಿಗೆ ಸೇರುವಂತಿಲ್ಲ. ಎರಡನ್ನೂ ಒಂದಾದ ಮೇಲೊಂದು ಓದಿದರೂ ಎರಡು ಕೋಟು ಒಟ್ಟಿಗೆ ತೊಡುವಂತಿಲ್ಲ. ಮುಂಬಯಿಯ ಡಾ. ಹನಿರಾಜ್ ಚುಲಾನಿ ವೈದ್ಯವೃತ್ತಿ ಬಿಡದೆಯೇ ವಕೀಲರಾಗಿ ನೋಂದಾಯಿಸಿಕೊಳ್ಳಲು ಹೊರಟರು. ವಕೀಲಿಕೆ ಪೂರ್ಣ ಹೊತ್ತಿನ ಕಸುಬು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿ ತಳ್ಳಿತು. ತೀರ್ಪು ತಪ್ಪು ಎಂದು ನಾನು ಹೇಳಲಾರೆ. ಆಪರೇಷನ್ ಟೇಬಲ್ಲಿನ ಮೇಲೆ ರೋಗಿ ಇರುವಾಗ ಕೋರ್ಟಿನಲ್ಲಿ ಹೆಸರು ಕೂಗಿದರೆ ಯಾರಿಗೆ ಮೊದಲು ಓಗೊಡುವುದು? ಆದರೆ ಕಸುಬು ಎರಡು ಮಾಡಬಾರದು ಎಂಬುದು ಓದು ಎರಡು ಬೇಡ ಎಂದಾಗಬೇಕಿರಲಿಲ್ಲ. ಇದಕ್ಕಿಂತ ಐದು ತಿಂಗಳ ಹಿಂದಷ್ಟೇ, 1995ರ ನವೆಂಬರಿನಲ್ಲಿ, ವಿ. ಪಿ. ಶಾಂತಾ ಪ್ರಕರಣದಲ್ಲಿ ಅದೇ ಕೋರ್ಟು ವೈದ್ಯರ ಸೇವೆಯನ್ನು ಗ್ರಾಹಕ ಕಾಯಿದೆಯೊಳಗೆ ತಂದಿತ್ತು. ಎರಡೂ ಓದಿದವರು ಬೇಕಾದದ್ದು ಆಗಲೇ.

ಬಾಗಿಲು ಪೂರ್ತಿ ಮುಚ್ಚಿಲ್ಲ. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಐದು ವರ್ಷದ ಇಂಟಿಗ್ರೇಟೆಡ್ ಪದವಿ ಶುರು ಮಾಡಿ ಬಿಎ ಮತ್ತು ಎಲ್‌ಎಲ್‌ಬಿಯನ್ನು ಒಂದೇ ದಾರಕ್ಕೆ ಪೋಣಿಸಿತು. ಈಚೆಗೆ ದೇಶದ ಕೆಲವು ಕಡೆ ಬಿಎಸ್‌ಸಿ–ಎಲ್‌ಎಲ್‌ಬಿ ಇದೆ. ಅದೇ ಕಾನೂನು ಶಾಲೆ ವೈದ್ಯಕೀಯ ಕಾನೂನು ಮತ್ತು ನೀತಿಯಲ್ಲಿ ದೂರಶಿಕ್ಷಣದ ಡಿಪ್ಲೊಮಾ ಕೊಡುತ್ತ ಬಂದಿದೆ, ಡಾಕ್ಟರುಗಳು ಓದುತ್ತಾರೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಎನ್ನುತ್ತದೆ. ಅಣಶಿ ಘಟ್ಟಕ್ಕೆ ಬರುವ ತಜ್ಞ ಎಲ್ಲಿದ್ದಾನೆ? ಅವಳಿಗೆ ನಾನು ಹೇಳಿದ್ದು ಇಷ್ಟೇ: “ಮೊದಲು ಬಿ.ಫಾರ್ಮಾ ಅಥವಾ ನರ್ಸಿಂಗ್ ಮಾಡು, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಏಳು ವರ್ಷ ಹಿಡಿಯುತ್ತದೆ. ಆಸ್ಟ್ರೇಲಿಯಾಕ್ಕಿಂತ ಅಗ್ಗ.”

“ಕಾಕಾ, ನೀವು ನಲವತ್ತು ವರ್ಷ ತಗೊಂಡ್ರಿ” ಅಂದಳು. ಹೌದು ಮಾರಾಯ್ತಿ.

ನಾನು ಸನ್ನದು ಮಾಡಿಸಲಿಲ್ಲ, ಕಪ್ಪು ಕೋಟು ಹೊಲಿಸಲಿಲ್ಲ. ಜಗಲಿಯಲ್ಲಿ ಕೂತು ಅರ್ಜಿ ಬರೆದುಕೊಡುತ್ತೇನೆ, ದುಡ್ಡು ತಗೊಳ್ಳುವುದಿಲ್ಲ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಹಾವಿನ ಕಡಿತವನ್ನು ಅಧಿಸೂಚಿತ ರೋಗ ಎಂದು ಘೋಷಿಸಿತು, ಪ್ರತಿ ಕಡಿತವನ್ನೂ ಸಾವನ್ನೂ ಆಸ್ಪತ್ರೆ ವರದಿ ಮಾಡಬೇಕು. ಆದ್ದರಿಂದ ನಮ್ಮ ಜೋಯಿಡಾ, ಹಳಿಯಾಳ, ಮುಂಡಗೋಡ, ದಾಂಡೇಲಿ ಕಡೆಯವರಲ್ಲಿ ಒಂದು ಮಾತು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ದರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ನಂಬರು ಕೇಳಿ ಬರೆದುಕೊಳ್ಳಿ. ಜೀವ ಹೋದರೆ, ಎಷ್ಟೇ ಸಂಕಟವಾಗಲಿ, ಪಂಚನಾಮೆ ಮತ್ತು ಪೋಸ್ಟ್‌ಮಾರ್ಟಂ ಆಗದೆ ಹೆಣವನ್ನು ಮನೆಗೆ ತರಬೇಡಿ. ವರದಿಯ ನಕಲು ತೆಗೆದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಇರುತ್ತದೆ, ಅರ್ಥವಾಗದಿದ್ದರೆ ಅಣಶಿಗೆ ತನ್ನಿ, ಓದಿ ಹೇಳುತ್ತೇನೆ. ಡಾಕ್ಟರ ಅಕ್ಷರ ನನಗೆ ಈಗಲೂ ಓದಲು ಬರುತ್ತದೆ.